ಕುಳ್ಳ ಟ್ರಕ್ಕುಗಳ ರಸ್ತೆ

ಲಾಸ್ ಏಂಜಲಿಸ್ ನಗರದ ಗಗನಚುಂಬಿಗಳನ್ನು ಬೆನ್ನಿಗೆ ಹಾಕಿ ಪೂರ್ವಕ್ಕೆ ಹೊರಟರೆ ಮೊದಲು ಸಿಗುವುದು ನದಿ. ನದಿ ಎನ್ನುವುದು ಹೆಸರಿಗೆ ಮಾತ್ರ. ಕಾಂಕ್ರೀಟು ಹಾಸಿದ ಅಗಲವಾದ ಚರಂಡಿಯ ನಡುವೆ ವರ್ಷದ ಹೆಚ್ಚು ಕಾಲ ಒಂದು ಸಣ್ಣ ಹರಿವು. ಅದರ ಮೇಲೆ ಆರನೇ ಬೀದಿಯ ಸೇತುವೆ. 1932ರ ಹಳೆಯ ಸೇತುವೆಯನ್ನು ಕೆಡವಿ ಕಟ್ಟಿದ ಹೊಸದು 2022ರಲ್ಲಿ ಸಂಚಾರಕ್ಕೆ ತೆರೆಯಿತು. ಸೇತುವೆ ಇಳಿದರೆ ವಿಟಿಯರ್ ಬುಲೆವಾರ್ಡ್. ಬಾಯ್ಲ್ ಹೈಟ್ಸ್ ದಾಟಿ ಈಸ್ಟ್ ಲಾಸ್ ಏಂಜಲಿಸ್ ತಲುಪುವ ಹೊತ್ತಿಗೆ ಅಂಗಡಿ ಫಲಕಗಳ ಭಾಷೆ ಸ್ಪ್ಯಾನಿಷ್ ಆಗಿರುತ್ತದೆ; ಬೇಕರಿಯ ಹೆಸರೂ ಅದೇ ಭಾಷೆಯದು, ಮದುವೆ ಉಡುಪಿನ ಅಂಗಡಿಯದೂ ಅದೇ. ಇಲ್ಲಿಯ ನೂರು ಮಂದಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಲ್ಯಾಟಿನೊ ಮೂಲದವರು, ಅವರಲ್ಲೂ ಬಹುಪಾಲು ಮೆಕ್ಸಿಕೊ ಮೂಲದವರು. ರಸ್ತೆಗೆ ಅಡ್ಡಲಾಗಿ, ಅದರ ಹೆಸರನ್ನೇ ಹೊತ್ತು ನಿಂತ ದೊಡ್ಡ ಕಮಾನು 1986ರದು.

ರಜಾದಿನದ ಸಂಜೆ ಆ ಕಮಾನಿನ ಕೆಳಗೆ ಹಾದುಹೋಗುವ ಹಳೆಯ ಪಿಕಪ್ ಟ್ರಕ್ಕನ್ನು ಮೊದಲ ಸಲ ಕಂಡವರಿಗೆ ನಾಲ್ಕೂ ಚಕ್ರ ಪಂಕ್ಚರ್ ಆಗಿರಬೇಕೆಂಬ ಅನುಮಾನ ಬಂದರೆ ತಪ್ಪಿಲ್ಲ. ಚಕ್ರದ ಮೇಲರ್ಧ ಮಡ್‌ಗಾರ್ಡಿನೊಳಗೆ ಅಡಗಿದೆ. ಹೊಟ್ಟೆ ನೆಲದಿಂದ ಒಂದು ಗೇಣೂ ಇಲ್ಲ. ನಡಿಗೆಯೋ, ದೇವರ ಉತ್ಸವದ ತೇರಿನಂತೆ ನಿಧಾನ. ಗಾಡಿ ಕೆಟ್ಟಿಲ್ಲ, ಬೇಕೆಂದೇ, ತಿಂಗಳುಗಟ್ಟಲೆ ಲೆಕ್ಕ ಹಾಕಿ ಅದನ್ನು ಹಾಗೆ ತಗ್ಗಿಸಲಾಗಿದೆ.

ಈ ಹುಚ್ಚಿಗೆ ವಯಸ್ಸಾಗಿದೆ. ಎರಡನೇ ಮಹಾಯುದ್ಧದ ಆಸುಪಾಸಿನಲ್ಲೇ ಇಲ್ಲಿಯ ಮೆಕ್ಸಿಕನ್ ಅಮೆರಿಕನ್ ಯುವಕರು ಹಳೆಯ ಶೆವರ್ಲೆ ಕಾರುಗಳ ಡಿಕ್ಕಿಯಲ್ಲಿ ಮರಳಿನ ಮೂಟೆ ತುಂಬಿ ಹಿಂಭಾಗ ಕುಸಿಯುವಂತೆ ಮಾಡುತ್ತಿದ್ದರು. ಬಿಳಿಯರ ಹುಡುಗರಿಗೆ ಆಗ ವೇಗದ ಗೀಳು. ಎಂಜಿನ್ ಬಲಪಡಿಸಿ, ಗಾಡಿಯ ಮೂತಿ ತಗ್ಗಿಸಿ ಹಿಂಭಾಗ ಎತ್ತುವುದು ಅವರ ರೂಢಿ. ಪೂರ್ವ ಭಾಗದವರು ಅದಕ್ಕೆ ಸರಿಯಾಗಿ ತಿರುಗುಮುರುಗು ಮಾಡಿದರು. ‘ಬಾಹೀತೊ ಇ ಸ್ವಾವೆಸೀತೊ’ ಎಂಬುದು ಅವರ ಮಾತು. ತಗ್ಗಾಗಿ, ಮೆತ್ತಗೆ ಎಂದರ್ಥ. ವೇಗವಾಗಿ ಹೋದವನನ್ನು ಯಾರು ನೋಡುತ್ತಾರೆ? ಊರಿನಲ್ಲಿ ತಮ್ಮನ್ನು ಕಣ್ಣೆತ್ತಿಯೂ ನೋಡದ ಜನರ ಮುಂದೆ ನಿಧಾನವಾಗಿ ಸಾಗುವುದೇ ಒಂದು ಉತ್ತರವಾಗಿತ್ತು.

ಕಾರಿನ ಮಾತು ಬೇರೆ, ಪಿಕಪ್ಪಿನ ಮಾತು ಬೇರೆ. ಈ ಬೀದಿಯ ಅಪ್ಪಂದಿರಿಗೆ ಪಿಕಪ್ ಎಂದರೆ ಅನ್ನ. ಹುಲ್ಲು ಕತ್ತರಿಸುವ ಯಂತ್ರ, ಗಾರೆ ಕೆಲಸದ ಸಾಮಾನು, ಸಿಮೆಂಟು, ಏಣಿ ಎಲ್ಲವನ್ನೂ ಹೊತ್ತು ವಾರವಿಡೀ ದುಡಿದ ಗಾಡಿ ಅದು. ಈಗ ಹವ್ಯಾಸಿಗಳು ಹೆಚ್ಚು ಆಸೆಪಡುವುದು 1967ರಿಂದ 1972ರವರೆಗೆ ಬಂದ ಶೆವರ್ಲೆ ಸಿ-10 ಮಾದರಿಯನ್ನು. ಅಜ್ಜ ದುಡಿದು ಬಿಟ್ಟುಹೋದ ಅಂಥದೊಂದು ಟ್ರಕ್ಕು ಷೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದರೆ, ಮೊಮ್ಮಗ ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಮನೆಯಲ್ಲಿ ಚರ್ಚೆ ಶುರು. ಎಷ್ಟು ತಗ್ಗಿಸಬೇಕು? ಆರಂಗುಲ ಎನ್ನುತ್ತಾನೆ ಮಗ. ಎರಡು ಸಾಕು ಎನ್ನುತ್ತಾನೆ ಅಪ್ಪ. ಇಬ್ಬರ ಹಿಂದೆಯೂ ಒಂದಿಷ್ಟು ಭೌತಶಾಸ್ತ್ರ ನಿಂತಿದೆ.

ಕಾರ್ಖಾನೆಯಿಂದ ಬಂದ ಪಿಕಪ್ಪು ಖಾಲಿ ಇದ್ದಾಗ ಹಿಂಭಾಗ ಎತ್ತಿಕೊಂಡೇ ನಿಲ್ಲುತ್ತದೆ. ಎಂಜಿನ್ ಮುಂದಿದೆ, ಹಿಂದೆ ಬರೀ ತಗಡಿನ ತೊಟ್ಟಿ; ಆದರೆ ಹಿಂದಿನ ಸ್ಪ್ರಿಂಗು ಮಾತ್ರ ಹೊರೆಗೆಂದೇ ಮಾಡಿದ್ದು. ಅರ್ಧ ಟನ್ ಎಂಬ ವರ್ಗದ ಈ ಗಾಡಿಗೆ ನಾಲ್ಕೈದು ಕ್ವಿಂಟಲ್ ಸಾಮಾನು ಹೇರಿದಾಗ ಅದು ಸಮಮಟ್ಟಕ್ಕೆ ಬರುತ್ತದೆ. ಖಾಲಿ ಇದ್ದಾಗಲೇ ಸಮವಾಗಿ ಕಾಣಬೇಕೆಂದರೆ ಮುಂದಿಗಿಂತ ಹಿಂದೆ ಹೆಚ್ಚು ಇಳಿಸಬೇಕು. ಆದ್ದರಿಂದಲೇ ಇಲ್ಲಿಯ ವರ್ಕ್‌ಶಾಪುಗಳಲ್ಲಿ ಎತ್ತರವನ್ನು ಜೋಡಿ ಅಂಕಿಯಲ್ಲಿ ಹೇಳುತ್ತಾರೆ. ‘ನಾಲ್ಕು-ಆರು’ ಎಂದರೆ ಮುಂದೆ 4 ಅಂಗುಲ, ಹಿಂದೆ 6 ಅಂಗುಲ. ನೋಟಕ್ಕೆ ಬಹಳ ಸೊಗಸು. ಆದರೆ ಆ ಆರಂಗುಲ ಎಲ್ಲಿಂದ ಬಂತು? ಹೊರೆ ಹೊತ್ತಾಗ ಸ್ಪ್ರಿಂಗು ಕುಗ್ಗಲೆಂದು ಬಿಟ್ಟಿದ್ದ ಜಾಗದಿಂದಲೇ ಬಂತು. ಅಲ್ಲಿಗೆ ಅಜ್ಜ ಹೊತ್ತ ಸಿಮೆಂಟನ್ನು ಮೊಮ್ಮಗನ ಟ್ರಕ್ಕು ಹೊರಲಾರದು. ಆಕ್ಸಲ್ ಮೇಲೆದ್ದು ಚಾಸಿಗೆ ಬಡಿಯುತ್ತದೆ. ಬಡಿಯಬಾರದೆಂದು ಆಕ್ಸಲ್ಲಿನ ನೇರಕ್ಕೆ ಚಾಸಿಯನ್ನೇ ಅರ್ಧಚಂದ್ರಾಕಾರದಲ್ಲಿ ಕತ್ತರಿಸಿ, ಸುತ್ತ ದಪ್ಪ ಉಕ್ಕಿನ ಪಟ್ಟಿ ಜೋಡಿಸುವವರಿದ್ದಾರೆ. ಕೆಲಸ ಬಲ್ಲವನು ಮಾಡಿದರೆ ಗಟ್ಟಿ. ಅರೆಬರೆ ಕಲಿತವನು ವೆಲ್ಡ್ ಮಾಡಿದರೆ ಟ್ರಕ್ಕಿನ ಬೆನ್ನುಮೂಳೆಯನ್ನೇ ಮುರಿದಂತೆ.

ತಗ್ಗಿಸುವುದಕ್ಕೆ ದಾರಿ ಹಲವು. ಎಲ್ಲಕ್ಕಿಂತ ಅಗ್ಗವಾದದ್ದೂ ಕೆಟ್ಟದ್ದೂ ಎಂದರೆ ಗ್ಯಾಸ್ ಟಾರ್ಚಿನಿಂದ ಸುರುಳಿ ಸ್ಪ್ರಿಂಗನ್ನು ಕಾಯಿಸಿ ಕುಸಿಯುವಂತೆ ಮಾಡುವುದು. ಉಕ್ಕಿಗೆ ಕೊಟ್ಟ ಹದವೇ ಹಾಳಾಗಿ ಮುಂದೊಂದು ದಿನ ಅದು ಮುರಿಯಬಹುದು. ಸ್ಪ್ರಿಂಗನ್ನು ಕತ್ತರಿಸುವುದು ಎರಡನೆಯದು. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ: ಸ್ಪ್ರಿಂಗಿನ ಸುತ್ತು ಕಡಿಮೆಯಾದಷ್ಟೂ ಅದು ಗಡುಸಾಗುತ್ತದೆ. ಕೆಲಸ ಮಾಡುವ ಎಂಟು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಉಳಿದದ್ದು ನೂರಕ್ಕೆ 14ರಷ್ಟು ಹೆಚ್ಚು ಗಡುಸು. ಕುಗ್ಗಲು ಜಾಗ ಕಡಿಮೆಯಾದಾಗ ಸ್ವಲ್ಪ ಗಡುಸಾಗುವುದು ಒಳ್ಳೆಯದೇ, ಆದರೆ ಬೆನ್ನಿಗೆ ಅದರ ಅರಿವಾಗುತ್ತದೆ. ಮೂರನೆಯದು, ಮುಂದಿನ ಚಕ್ರದ ಬುಡದಲ್ಲಿರುವ ಸ್ಪಿಂಡಲ್ಲನ್ನೇ ಬದಲಿಸುವುದು. ಚಕ್ರ ತಿರುಗುವ ಕಡ್ಡಿಯನ್ನು ಎರಡು, ಎರಡೂವರೆ ಅಂಗುಲ ಮೇಲಕ್ಕೆ ಕೂರಿಸಿದ ಹೊಸ ಸ್ಪಿಂಡಲ್ ಹಾಕಿದರೆ ಸ್ಪ್ರಿಂಗನ್ನು ಮುಟ್ಟದೆಯೇ ಗಾಡಿ ಅಷ್ಟು ಕೆಳಗಿಳಿಯುತ್ತದೆ. ಕುಗ್ಗುವ ಜಾಗವೂ ಉಳಿಯುತ್ತದೆ, ಚಕ್ರದ ಓಲುವಿಕೆಯೂ ಕೆಡುವುದಿಲ್ಲ. ದುಡ್ಡು ಹೆಚ್ಚಾದರೂ ಬುದ್ಧಿವಂತಿಕೆಯ ದಾರಿ ಇದೇ.

ಸಿ-10ರ ಹಿಂಭಾಗದಲ್ಲಿ ಇನ್ನೊಂದು ತೊಡಕು ಕಾದಿದೆ. ಲಾರಿಗಳಲ್ಲಿರುವಂಥ ಕಮಾನು ಪಟ್ಟಿಗಳ ಬದಲು ಇದಕ್ಕೆ ಹಿಂದೆಯೂ ಸುರುಳಿ ಸ್ಪ್ರಿಂಗುಗಳೇ. ಆಕ್ಸಲ್ ಎಡಬಲಕ್ಕೆ ಜಾರದಂತೆ ಅಡ್ಡಲಾಗಿ ಒಂದು ಸರಳು. ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್ಲಿಗೆ. ಗಾಡಿ ಇಳಿದಾಗ ಈ ಸರಳು ಗಡಿಯಾರದ ಮುಳ್ಳಿನಂತೆ ವೃತ್ತದಲ್ಲಿ ತಿರುಗುವುದರಿಂದ ಆಕ್ಸಲ್ಲನ್ನು ಒಂದು ಬದಿಗೆ ಎಳೆದುಬಿಡುತ್ತದೆ. ಸರಳು ಗಿಡ್ಡವಿದ್ದಷ್ಟೂ ಎಳೆತ ಹೆಚ್ಚು. ಆರಂಗುಲ ಇಳಿಸಿ, ಹೊಳೆಯುವ ಬಣ್ಣ ಬಳಿದು, ಹಿಂದಿನಿಂದ ನೋಡಿದರೆ ಒಂದು ಚಕ್ರ ಹೊರಗೆ ಇಣುಕುತ್ತಿರುತ್ತದೆ, ಇನ್ನೊಂದು ಒಳಗೆ! ಅದಕ್ಕೆ ಉದ್ದದ, ಹೊಂದಿಸಲು ಬರುವ ಸರಳನ್ನೇ ಹಾಕಬೇಕು. ಒಂದನ್ನು ಬದಲಿಸಿದರೆ ಶಾಕ್ ಅಬ್ಸಾರ್ಬರು, ಬ್ರೇಕಿನ ಕೊಳವೆ, ಎಂಜಿನ್ನಿನಿಂದ ಹಿಂದಕ್ಕೆ ಹೋಗುವ ಉದ್ದ ಶಾಫ್ಟಿನ ಕೋನ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಅಪ್ಪನ ‘ಎರಡು ಸಾಕು’ ಎಂಬ ಮಾತಿಗೆ ಜೇಬಿನ ಕಾರಣವೂ ಇದೆ.

ಅಪ್ಪನ ಮಾತಿನ ಹಿಂದೆ ಇನ್ನೊಂದು ನೆನಪೂ ಇದೆ, ಪೊಲೀಸರದು. ಕ್ಯಾಲಿಫೋರ್ನಿಯದಲ್ಲಿ 1958ರಲ್ಲಿ ಒಂದು ಕಾನೂನು ಬಂತು. ಮುಂದೆ ವಾಹನ ಸಂಹಿತೆಯ 24008ನೇ ಕಲಮು ಎಂದು ಹೆಸರಾದ ಅದರ ಪ್ರಕಾರ, ಮಾರ್ಪಡಿಸಿದ ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ಅತಿ ಕೆಳಗಿನ ಅಂಚಿಗಿಂತ ಕೆಳಗೆ ಇಳಿಯಕೂಡದು. ಕಾರುಗಳಷ್ಟೇ ಅಲ್ಲ, 6,000 ಪೌಂಡಿಗಿಂತ ಕಡಿಮೆಯ ಪಿಕಪ್ಪುಗಳೂ ಇದರೊಳಗೆ ಬಂದವು. ಸ್ಯಾನ್ ಬರ್ನಾರ್ಡಿನೊ ಕಡೆಯ ರಾನ್ ಅಗಿರ್ರೆ ಎಂಬ ಯುವಕ ಇದಕ್ಕೆ ತಂದೆಯ ನೆರವಿನಿಂದ ಹೂಡಿದ ಉಪಾಯ ಈಗ ಈ ಲೋಕದ ಪುರಾಣವಾಗಿದೆ. ವಿಮಾನದ ಹಳೆಯ ಹೈಡ್ರಾಲಿಕ್ ಪಂಪುಗಳನ್ನು ತಂದು 1957ರ ತನ್ನ ಕಾರ್ವೆಟ್ ಕಾರಿಗೆ ಕೂರಿಸಿದ. ಗುಂಡಿ ಒತ್ತಿದರೆ ಕಾರು ಇಳಿಯುತ್ತದೆ. ಪೊಲೀಸು ಕಂಡರೆ ಇನ್ನೊಮ್ಮೆ ಒತ್ತಿದರಾಯಿತು, ಏರುತ್ತದೆ. ಅಳತೆ ಪಟ್ಟಿ ಹಿಡಿದು ಬಂದವನು ಏನನ್ನು ಅಳೆಯಬೇಕು? ಈಗ ಆ ಜಾಗಕ್ಕೆ ಗಾಳಿ ತುಂಬುವ ರಬ್ಬರ್ ಚೀಲಗಳೂ ಬಂದಿವೆ. ಬೆಂಗಳೂರಿನ ವೋಲ್ವೊ ಬಸ್ಸುಗಳ ಸುಖಕ್ಕೆ ಕಾರಣವಾದ ತತ್ವವೇ ಅದು. ಎತ್ತರ ಆರಿಸುವ ತಲೆನೋವು ಅದರಿಂದ ಅರ್ಧ ಕಡಿಮೆಯಾಗುತ್ತದೆ. ಕಂಪ್ರೆಸರು, ಟ್ಯಾಂಕು, ಸೋರುವ ಕೊಳವೆಗಳ ತಲೆನೋವು ಸೇರಿಕೊಳ್ಳುತ್ತದೆ.

ಕಾನೂನಿನ ಪೆಟ್ಟು ಎಲ್ಲರ ಮೇಲೂ ಒಂದೇ ಸಮನಾಗಿ ಬೀಳಲಿಲ್ಲ ಎಂಬುದು ಈ ಬೀದಿಯ ಹಿರಿಯರ ಅಳಲು. ಈಸ್ಟ್ ಲಾಸ್ ಏಂಜಲಿಸ್‌ಗೆ ತನ್ನದೇ ಆದ ನಗರಸಭೆ ಇಲ್ಲ. ಕಾವಲು ಕೌಂಟಿಯ ಷರೀಫನದು. 1970ರ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧದ ವಿರುದ್ಧ ಸಾವಿರಾರು ಮೆಕ್ಸಿಕನ್ ಅಮೆರಿಕನ್ನರು ಮೆರವಣಿಗೆ ನಡೆಸಿದ ದಿನ, ಇದೇ ರಸ್ತೆಯ ಸಿಲ್ವರ್ ಡಾಲರ್ ಎಂಬ ಸಣ್ಣ ಹೋಟೆಲಿನೊಳಗೆ ಕುಳಿತಿದ್ದ ಪತ್ರಕರ್ತ ರೂಬೆನ್ ಸಲಜಾರ್ ಷರೀಫನ ಸಿಬ್ಬಂದಿ ಹಾರಿಸಿದ ಅಶ್ರುವಾಯು ಗುಂಡು ತಗುಲಿ ಸತ್ತರು. ಮೆರವಣಿಗೆ ಸೇರಿದ್ದ ಉದ್ಯಾನಕ್ಕೆ ಈಗ ಅವರದೇ ಹೆಸರು. 1979ರಲ್ಲಿ ವಾರಾಂತ್ಯದ ಸಾಲು ಸವಾರಿಯನ್ನು ತಡೆಯಲು ಈ ರಸ್ತೆಯನ್ನೇ ಮುಚ್ಚಲಾಯಿತು. ರಿಮ್ಮಿನ ಕೆಳಗೆ ಬೆರಳಿಟ್ಟು ನೋಡುವ ಪೊಲೀಸನಿಗೆ ಅಳತೆ ಒಂದು ನೆಪವೇ ಆಗಿದ್ದರೆ, ಒಳಗೆ ಕುಳಿತ ಹುಡುಗನ ಮೈಬಣ್ಣ ಕಾರಣವಾಗಿತ್ತೇ ಎಂಬ ಪ್ರಶ್ನೆಯನ್ನು ಇಲ್ಲಿಯ ತಾಯಂದಿರು ದಶಕಗಳ ಕಾಲ ಕೇಳಿಕೊಂಡರು. ಮಗ ತಗ್ಗು ಗಾಡಿ ಏರಿ ಹೊರಟರೆ ಅಪಘಾತದ ಹೆದರಿಕೆ ಒಂದು ಪಾಲು, ಪೊಲೀಸರ ಹೆದರಿಕೆ ಇನ್ನೊಂದು ಪಾಲು.

2023ರ ಅಕ್ಟೋಬರಿನಲ್ಲಿ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಮಸೂದೆಯಿಂದಾಗಿ 2024ರ ಜನವರಿ 1ರಿಂದ ಆ ಕಲಮು ರದ್ದಾಯಿತು. ಊರೂರುಗಳು ಸಾಲು ಸವಾರಿಯನ್ನು ನಿಷೇಧಿಸುವ ಅಧಿಕಾರವೂ ಅದರೊಂದಿಗೇ ಹೋಯಿತು. ಮಗನಿಗೆ ಜಯವಾಯಿತು ಎನ್ನಬೇಕೇ?

ಇಲ್ಲೇ ಒಂದು ಸ್ವಾರಸ್ಯ. ಕಾನೂನು ಹೋದರೂ ಆ ಅಳತೆ ಮಾತ್ರ ಹೋಗಲಿಲ್ಲ, ಏಕೆಂದರೆ ಅದು ಪೊಲೀಸರ ಅಳತೆಯಾಗುವ ಮುನ್ನವೇ ಮೆಕ್ಯಾನಿಕ್ಕನ ಅಳತೆಯೂ ಆಗಿತ್ತು. ಓಡುವ ಗಾಡಿಯ ಟೈರು ಒಡೆದರೆ ಆ ಮೂಲೆ ರಿಮ್ಮಿನ ಮೇಲೆ ಕುಳಿತುಬಿಡುತ್ತದೆ. ಚಾಸಿಯೋ ಸ್ಟೀರಿಂಗಿನ ಸರಳೋ ರಿಮ್ಮಿಗಿಂತ ಕೆಳಗಿದ್ದರೆ ಮೊದಲು ನೆಲ ಕಚ್ಚುವುದು ಅದೇ. ಆಮೇಲೆ ಸ್ಟೀರಿಂಗು ಯಾರ ಮಾತನ್ನೂ ಕೇಳುವುದಿಲ್ಲ. ಇದನ್ನು ಹವ್ಯಾಸಿಗಳು ‘ಸ್ಕ್ರಬ್ ಲೈನ್’ ಎನ್ನುತ್ತಾರೆ. ಸಿ-10ಕ್ಕೆ ಒಪ್ಪುವ 15 ಅಂಗುಲದ ರಿಮ್ಮಿಗೆ ದಪ್ಪ ಟೈರು ಹಾಕಿದರೆ ಈ ಗೆರೆ ನೆಲದಿಂದ ಸುಮಾರು 15 ಸೆಂಟಿಮೀಟರ್ ಮೇಲಿರುತ್ತದೆ. ಈಗಿನ ಷೋಕಿಯ 20 ಅಂಗುಲದ ರಿಮ್ಮು, ತೆಳು ಟೈರು ಹಾಕಿದರೆ ಸುಮಾರು 10ಕ್ಕೆ ಇಳಿಯುತ್ತದೆ. ಅಂದರೆ ಎಷ್ಟು ತಗ್ಗಿಸಬಹುದು ಎಂಬುದನ್ನು ಸ್ಪ್ರಿಂಗಿಗಿಂತ ಮೊದಲು ಟೈರು ನಿರ್ಧರಿಸುತ್ತದೆ! ಟೈರು ಆರಿಸದೆ ಎತ್ತರ ಆರಿಸುವುದು ಚಪ್ಪಲಿ ಕೊಳ್ಳುವ ಮುಂಚೆ ಪಂಚೆಯ ಅಂಚು ಹೊಲಿಸಿದಂತೆ.

10 ಸೆಂಟಿಮೀಟರಿನ ಹೊಟ್ಟೆಯೊಂದಿಗೆ ಬದುಕುವುದು ಸುಲಭವೂ ಅಲ್ಲ. ಸಿ-10ರ ಗಿಡ್ಡ ಮಾದರಿಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 115 ಅಂಗುಲ, ಉದ್ದ ಮಾದರಿಯಲ್ಲಿ 127. ಚಕ್ರಗಳು ದೂರವಾದಷ್ಟೂ ಉಬ್ಬಿನ ನೆತ್ತಿ ನಡುಹೊಟ್ಟೆಗೆ ತಾಗುವ ಸಂಭವ ಹೆಚ್ಚು. ಅದಕ್ಕೇ ಇಲ್ಲಿಯವರು ಪೆಟ್ರೋಲ್ ಬಂಕಿನ ಇಳಿಜಾರನ್ನೂ ಓರೆಯಾಗಿ, ಒಂದೊಂದೇ ಚಕ್ರ ಏರಿಸಿ ದಾಟುತ್ತಾರೆ. ಕರ್ನಾಟಕದ ಹಂಪುಗಳ ಮೇಲೆ ಈ ಟ್ರಕ್ಕು ಒಂದು ಫರ್ಲಾಂಗೂ ಹೋಗಲಾರದು. ಹೋಗುವ ಪ್ರಸಂಗವೂ ಬಾರದು: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. ಅಪ್ಪನ ಜೀಪಿನ ಮೇಲೆ ಕಣ್ಣಿಟ್ಟಿರುವ ಹುಡುಗರು ಇದನ್ನು ನೆನಪಿಡುವುದು ಒಳ್ಳೆಯದು.

ಎತ್ತರಿಸುವವರ ಪಂಗಡವೂ ಕ್ಯಾಲಿಫೋರ್ನಿಯದಲ್ಲಿ ದೊಡ್ಡದೇ. ಮೊಹಾವೆ ಮರುಭೂಮಿಯ ಕಲ್ಲುದಾರಿಗೆ ಹೋಗುವವರಿಗೆ ಎತ್ತರ ಅಗತ್ಯ. ಆದರೆ ಗಾಡಿಯ ಅಗಲ ಅಷ್ಟೇ ಇದ್ದು ಭಾರ ಮೇಲೇರಿದರೆ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ. ತಗ್ಗಿನ ಮಿತಿ ರದ್ದಾದರೂ ಎತ್ತರದ ಮಿತಿ ಅಲ್ಲಿ ಹಾಗೆಯೇ ಇದೆ. ಸಿ-10ರಂಥ ತೂಕದ ಟ್ರಕ್ಕಿನ ಚಾಸಿ ನೆಲದಿಂದ 30 ಅಂಗುಲ ಮೀರುವಂತಿಲ್ಲ. ವಿಟಿಯರ್ ಬುಲೆವಾರ್ಡಿನಲ್ಲಿ ಅಂಥವು ನೆಂಟರಂತೆ ಬಂದು ಹೋಗುತ್ತವೆ, ಅಷ್ಟೆ.

ಅಪ್ಪ-ಮಗನ ವಾದ ಮುಗಿಯುವುದು ಬಹುಮಟ್ಟಿಗೆ ಷೆಡ್ಡಿನ ನೆಲದ ಮೇಲೆ. ತಿಳಿದ ಮೆಕ್ಯಾನಿಕ್ಕುಗಳು ಕೊನೆಯ ಬೋಲ್ಟು ಬಿಗಿಯುವ ಮೊದಲು ಒಂದು ಪರೀಕ್ಷೆ ಮಾಡಿಸುತ್ತಾರೆ. ತೊಟ್ಟಿಗೆ ವಾಡಿಕೆಯ ಹೊರೆ ಹೇರಬೇಕು. ಮುಂದೆ ಇಬ್ಬರು ಕೂರಬೇಕು. ಆಮೇಲೆ ಒಂದು ದಾರ ತೆಗೆದುಕೊಂಡು ಒಂದು ಚಕ್ರದ ರಿಮ್ಮಿನ ಕೆಳಅಂಚಿನಿಂದ ಎದುರು ಚಕ್ರದ ಟೈರು ನೆಲ ಮುಟ್ಟುವ ಜಾಗಕ್ಕೆ ಬಿಗಿಯಾಗಿ ಎಳೆದು ಹಿಡಿಯಬೇಕು. ಅತ್ತಿಂದಿತ್ತ ಒಮ್ಮೆ, ಇತ್ತಿಂದತ್ತ ಒಮ್ಮೆ; ಮುಂದೊಮ್ಮೆ, ಹಿಂದೊಮ್ಮೆ. ಮಗ ಟಾರ್ಚು ಹಿಡಿದು ಅಡಿಗೆ ತೆವಳುತ್ತಾನೆ, ಅಪ್ಪ ದಾರದ ತುದಿ ಹಿಡಿದು ಹೊರಗೆ ಕೂರುತ್ತಾನೆ. ಏನಾದರೂ ದಾರಕ್ಕೆ ತಾಗಿದರೆ ಒಳಗಿನಿಂದ ಕೂಗು ಬರುತ್ತದೆ, ಅರ್ಧ ಅಂಗುಲ ಮೇಲೆ.