ನನ್ನ ಓದಿನ ಹುಚ್ಚು

‘ದೇಶ ಸುತ್ತು, ಇಲ್ಲವೇ ಕೋಶ ಓದು’ ಎಂಬ ಗಾದೆ ನಿಮಗೆಲ್ಲ ಗೊತ್ತು. ದೇಶ ಸುತ್ತಲು ನನಗೆ ಆಗಿಲ್ಲ. ತುಮಕೂರು ಬಿಟ್ಟು ಬೇರೆ ದೊಡ್ಡ ಊರನ್ನೇ ನಾನು ಕಂಡಿಲ್ಲ. ಆದ್ದರಿಂದ ಕೋಶ ಓದುತ್ತಿದ್ದೇನೆ. ಈ ಸಲ ನನ್ನ ಓದಿನ ಬಗ್ಗೆ ಬರೆಯುತ್ತೇನೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ನನಗೆ ಓದಿನ ಹುಚ್ಚು ಹಿಡಿದಿದ್ದು ಅಂಗಡಿ ಪೊಟ್ಟಣದಿಂದ. ಅವ್ವ ಬೆಲ್ಲವನ್ನೋ ಕಡಲೆಬೀಜವನ್ನೋ ತಂದರೆ ನಾನು ಪೊಟ್ಟಣ ಬಿಚ್ಚಿ, ತಿನ್ನುವುದನ್ನು ಬಿಟ್ಟು ಕಾಗದ ಓದುತ್ತ ಕೂರುತ್ತಿದ್ದೆ. ಸುದ್ದಿ ಅರ್ಧಕ್ಕೇ ಹರಿದುಹೋಗಿರುತ್ತಿತ್ತು. ಆಮೇಲೆ ಏನಾಯ್ತೋ ಎಂದು ರಾತ್ರಿಯೆಲ್ಲ ಯೋಚನೆ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ಆಗ ನಾನು ಎರಡನೇ ತರಗತಿ. ಮಾವ ತನ್ನ ಹಳೇ ಟ್ರಂಕಿನಿಂದ ‘ಚಂದಮಾಮ’ಗಳನ್ನು ತಂದುಕೊಟ್ಟಿತು. ಚಂದಮಾಮ ಕನ್ನಡದಲ್ಲಿ 1949ರಲ್ಲಿ ಶುರುವಾಯಿತಂತೆ. ಈಗ ಅದು ಬರುವುದಿಲ್ಲ. ಅದರಲ್ಲಿ ವಿಕ್ರಮ ರಾಜ ಹೆಣವನ್ನು ಹೆಗಲಿಗೆ ಹಾಕಿಕೊಂಡು ಬರುವ ಚಿತ್ರ ಇದೆಯಲ್ಲ, ಅದನ್ನು ಬರೆದವರು ಶಂಕರ್ ಎಂಬ ಕಲಾವಿದರು. ಆ ಚಿತ್ರ ನೋಡಿದ ಮೇಲೆ ಒಂದು ವಾರ ನಾನು ಕತ್ತಲಾದ ಮೇಲೆ ಹಿತ್ತಲಿಗೆ ಹೋಗಲಿಲ್ಲ.

ಶಾಲೆ ತೆರೆದ ಮೇಲೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಓದಿದೆ. ಐದನೇ ತರಗತಿಗೆ ಬಂದಾಗ ಪಂಚಾಯಿತಿ ಲೈಬ್ರರಿಗೆ ಸೇರಿದೆ. ಅಲ್ಲಿ ಪೂರ್ಣಚಂದ್ರ ತೇಜಸ್ವಿ ಅವರ ‘ಪರಿಸರದ ಕತೆ’ ಸಿಕ್ಕಿತು. ಅದರಲ್ಲಿ ಬರುವ ಕಿವಿ ಎಂಬ ನಾಯಿ ನನಗೆ ಬಹಳ ಇಷ್ಟ. ಅದೇ ಬೀರುವಿನಲ್ಲಿ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಎಂಬ ಪುಸ್ತಕವೂ ಇತ್ತು. ಜಿಮ್ ಕಾರ್ಬೆಟ್ ಎಂಬ ಬೇಟೆಗಾರರು ಇಂಗ್ಲಿಷಿನಲ್ಲಿ ಬರೆದದ್ದನ್ನು ತೇಜಸ್ವಿಯವರೇ ಕನ್ನಡಕ್ಕೆ ತಂದಿದ್ದಾರೆ. ನನ್ನ ತಪ್ಪು ನಡೆದದ್ದು ಈ ಪುಸ್ತಕದಲ್ಲೇ.

ನಮ್ಮ ಅಜ್ಜಿಗೆ ಓದಲು ಬರುವುದಿಲ್ಲ. ರಾತ್ರಿ ಮೇಕೆಗಳನ್ನು ಕಟ್ಟಿ, ಉಂಡು, ಎಲೆ ಅಡಿಕೆ ಹಾಕಿಕೊಂಡು, “ಓದು ಮಗಾ” ಅನ್ನುತ್ತೆ. ನಾನು ದಿನಕ್ಕೆ ನಾಲ್ಕೈದು ಹಾಳೆ ಜೋರಾಗಿ ಓದುತ್ತೇನೆ. ರುದ್ರಪ್ರಯಾಗ ಇರುವುದು ಈಗಿನ ಉತ್ತರಾಖಂಡ ರಾಜ್ಯದಲ್ಲಿ. ಅಲಕನಂದಾ, ಮಂದಾಕಿನಿ ನದಿಗಳು ಅಲ್ಲಿ ಕೂಡುತ್ತವೆ. ಕೇದಾರನಾಥ, ಬದರೀನಾಥಕ್ಕೆ ಹೋಗುವ ಯಾತ್ರಿಕರ ದಾರಿ ಅದು. 1918ರಿಂದ 1926ರವರೆಗೆ ಅಲ್ಲಿ ಒಂದೇ ಚಿರತೆ 125 ಜನರನ್ನು ತಿಂದಿತ್ತು ಎಂದು ಸರ್ಕಾರದ ಲೆಕ್ಕ. 1918ರಲ್ಲಿ ದೊಡ್ಡ ಜ್ವರ ಬಂದು ಜನ ಸತ್ತಾಗ, ಎಲ್ಲ ಹೆಣ ಸುಡಲಾಗದೆ ಕಣಿವೆಗೆ ಹಾಕುತ್ತಿದ್ದರಂತೆ. ಅದರಿಂದ ಚಿರತೆಗೆ ಮನುಷ್ಯರ ಮಾಂಸದ ರುಚಿ ಹತ್ತಿತು ಎಂದು ಕಾರ್ಬೆಟ್ ಹೇಳುತ್ತಾರೆ. ಇದನ್ನು ಓದಿದಾಗ ಅಜ್ಜಿ, “ಕೊರೊನಾದಾಗ್ಲೂ ಹಿಂಗೇ ಆಗಿತ್ತಲ್ಲವ್ವ, ಹೆಣ ಮುಟ್ಟೋರಿರ್ಲಿಲ್ಲ” ಅಂತು.

ಚಿರತೆ ಅಂದರೆ ನಮ್ಮ ಅಜ್ಜಿಗೆ ಬರೀ ಕತೆಯಲ್ಲ. ಹೋದ ವರ್ಷ ನಮ್ಮ ಒಂದು ಮೇಕೆಯನ್ನು ಚಿರತೆ ಹೊತ್ತುಕೊಂಡು ಹೋಗಿತ್ತು. ಅದಕ್ಕೇ ಕಾರ್ಬೆಟ್ ಮಾವಿನ ಮರದ ಮೇಲೆ ಕೂತು, ಕೆಳಗೆ ದಾರಿಯಲ್ಲಿ ಮೇಕೆ ಕಟ್ಟಿದರು ಎಂದು ಓದಿದಾಗ ಅಜ್ಜಿ ಎದ್ದು ಕೂತಿತು. “ಆ ಸಾಹೇಬಂಗೆ ಮೇಕೆನೇ ಬೇಕಿತ್ತಾ?” ಅಂತ ಬೈಯಿತು. ಹತ್ತು ರಾತ್ರಿ ಕಾದರೂ ಚಿರತೆ ಬರಲಿಲ್ಲ. ನಾನು ಹಾಳೆ ತಿರುಗಿಸಿದೆ. ಮುಂದೆ ರಟ್ಟು! ಕೊನೆಯ ಹಾಳೆಗಳನ್ನು ಯಾರೋ ಹರಿದುಕೊಂಡಿದ್ದರು.

“ಆಮೇಲೆ?” ಅಂತು ಅಜ್ಜಿ.

ಹಾಳೆ ಇಲ್ಲ ಎಂದು ಹೇಳಬಹುದಿತ್ತು. ಆದರೆ ಹೇಳಲು ನನಗೆ ಒಂಥರಾ ಆಯಿತು. ಪುಸ್ತಕ ನೋಡುತ್ತಿರುವ ಹಾಗೆ ಮಾಡಿ ನಾನೇ ಕಟ್ಟಿ ಹೇಳಿಬಿಟ್ಟೆ. “ಚಿರತೆ ಬಂದು ಮೇಕೆಯ ಕತ್ತು ಮುರಿಯಿತು. ಆಗ ಸಾಹೇಬರು ಗುಂಡು ಹೊಡೆದರು. ಚಿರತೆಯೂ ಸತ್ತಿತು, ಮೇಕೆಯೂ ಸತ್ತಿತು.”

ಕತೆ ಜೋರಾಗಿದೆ ಎಂದು ನಾನು ಅಂದುಕೊಂಡಿದ್ದೆ. ಅಜ್ಜಿ ಮಾತಾಡಲಿಲ್ಲ. “ಬಾಯಿಲ್ಲದ ಜೀವ” ಅಂತ ಹೇಳಿ ಗೋಡೆ ಕಡೆ ತಿರುಗಿ ಮಲಗಿತು. ಮಾರನೇ ದಿನ ಮೇಕೆ ಕಟ್ಟುವಾಗಲೂ ಅದನ್ನೇ ನೆನೆಸಿಕೊಂಡಿತು. ಆಮೇಲೆ ಎಷ್ಟೋ ದಿನ “ಓದು ಮಗಾ” ಅನ್ನಲಿಲ್ಲ. ನಾನು ಕೇಳಿದರೆ “ಬ್ಯಾಡ, ನಿದ್ದೆ ಬತ್ತದೆ” ಅನ್ನುತ್ತಿತ್ತು. ನನಗೆ ಅನ್ನ ಸೇರುತ್ತಿರಲಿಲ್ಲ. ಇಲ್ಲದ ಸಾವನ್ನು ನಾನು ಹೇಳಿದೆನೋ ಏನೋ ಎಂದು ಹೊಟ್ಟೆಯೊಳಗೆ ಸಂಕಟ.

ದಸರಾ ರಜದಲ್ಲಿ ತುಮಕೂರಿಗೆ ಮಾವನ ಮನೆಗೆ ಹೋದೆ. ಪಕ್ಕದ ಮನೆಯಲ್ಲಿ ರಿಟೈರಾದ ಮೇಷ್ಟ್ರು ಒಬ್ಬರಿದ್ದಾರೆ. ಅವರ ಹತ್ತಿರ ಅದೇ ಪುಸ್ತಕ ಪೂರ್ತಿ ಇತ್ತು! ನಿಂತಲ್ಲೇ ಕೊನೆಯನ್ನು ಓದಿದೆ. ಹನ್ನೊಂದನೇ ರಾತ್ರಿ ಮೇಕೆಯ ಕೊರಳ ಗಂಟೆ ಅಲ್ಲಾಡಿತು. ಕಾರ್ಬೆಟ್ ಬ್ಯಾಟರಿ ಬೆಳಕು ಹಾಕಿ ಒಂದೇ ಗುಂಡು ಹೊಡೆದರು. ಬೆಳಕು ಆರಿಹೋಯಿತು. ಚಿರತೆ ಸತ್ತಿತೋ ಓಡಿತೋ ಗೊತ್ತಾಗಲಿಲ್ಲ. ಬೆಳಗಾದ ಮೇಲೆ ನೋಡಿದರೆ ಚಿರತೆ ಸ್ವಲ್ಪ ಕೆಳಗೆ ಸತ್ತು ಬಿದ್ದಿತ್ತು. ಮೇಕೆಗೆ ಒಂದು ಗೀರೂ ಆಗಿರಲಿಲ್ಲ! ಕಾರ್ಬೆಟ್ ಅದಕ್ಕೆ ಹಿತ್ತಾಳೆಯ ಕೊರಳಪಟ್ಟಿ ಹಾಕಿ, ಅದನ್ನು ಮಾರಿದವನಿಗೇ ವಾಪಸು ಕೊಟ್ಟರು. ನಾನು ಅಲ್ಲೇ ಅತ್ತುಬಿಟ್ಟೆ. ಮೇಷ್ಟ್ರು ಗಾಬರಿಯಾಗಿ ನೀರು ಕೊಟ್ಟರು. ಇಲ್ಲದ ಹಾಳೆಗಳನ್ನೆಲ್ಲ ಎರಡು ದಿನ ಕೂತು ನೋಟ್‌ಬುಕ್ಕಿಗೆ ಬರೆದುಕೊಂಡೆ. ಬೆರಳು ಊದಿತ್ತು.

ಊರಿಗೆ ಬಂದ ರಾತ್ರಿಯೇ ಅಜ್ಜಿಗೆ ನಿಜ ಹೇಳಿದೆ. ಅಜ್ಜಿಗೆ ಸಿಟ್ಟು ಬಂತು. “ಹಾಳೆ ಇಲ್ಲ ಅಂತ ಹೇಳಕ್ಕೇನಾಗಿತ್ತು? ಓದಕ್ ಬರದೋಳು ಅಂತ ತಾನೆ ನೀನ್ ಹಿಂಗ್ ಮಾಡಿದ್ದು?” ಅಂತು. ಆ ಮಾತು ನನಗೆ ಬೆತ್ತದ ಏಟಿಗಿಂತ ಜಾಸ್ತಿ ತಾಗಿತು. ತಲೆ ತಗ್ಗಿಸಿಕೊಂಡು ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿಯೇ, “ಸರಿ, ಓದು. ಬರ್ದಿರೋದನ್ನೇ ಓದು” ಅಂತು. ಓದಿದೆ. ಹಿತ್ತಾಳೆ ಪಟ್ಟಿ ಬಂದಾಗ ಅಜ್ಜಿ ಜೋರಾಗಿ ನಕ್ಕಿತು. “ಇನ್ನೊಂದ್ಸಲ ಓದು” ಅಂತು. ಆ ಚಿರತೆ ಮುದಿಯಾಗಿತ್ತು, ಮೂತಿಯ ಕೂದಲು ನೆರೆತಿತ್ತು ಎಂಬ ಕಡೆ ಬಂದಾಗ ನಗು ನಿಲ್ಲಿಸಿ, “ಅದ್ಕೂ ವಯಸ್ಸಾಗಿತ್ತಲ್ಲ, ಪಾಪ” ಅಂತು. ನಾನು ಕಟ್ಟಿದ ಕತೆಯಲ್ಲಿ ಚಿರತೆಯ ವಯಸ್ಸು ನನಗೆ ಹೊಳೆದೇ ಇರಲಿಲ್ಲ.

ಆ ಹಾಳೆಗಳನ್ನು ಲೈಬ್ರರಿಗೆ ತೆಗೆದುಕೊಂಡು ಹೋದೆ. ಲೈಬ್ರರಿ ಅಣ್ಣ ಬೈಯಲಿಲ್ಲ. ಗೋಣಿ ಸೂಜಿ, ದಾರ ತಂದು ಅವನ್ನು ಪುಸ್ತಕಕ್ಕೆ ಸೇರಿಸಿ ಹೊಲಿದುಕೊಟ್ಟರು.

ಗೆಳೆಯ ಗೆಳತಿಯರೇ, ಪುಸ್ತಕದ ಹಾಳೆ ಹರಿಯಬೇಡಿ. ನೀವು ಹರಿದ ಹಾಳೆಯಲ್ಲಿ ಯಾರದೋ ಜೀವ ಉಳಿದಿರುತ್ತದೆ. ಆ ಪುಸ್ತಕ ಈಗ ಎರಡನೇ ಬೀರುವಿನಲ್ಲಿದೆ. ಕೊನೆಯ ಹಾಳೆಗಳು ನನ್ನ ಅಕ್ಷರದಲ್ಲಿವೆ. ಒತ್ತಕ್ಷರ ತಪ್ಪಿದ್ದರೆ ಕ್ಷಮಿಸಿ. ಆದರೆ ಅದರಲ್ಲಿ ನಾನು ಕಟ್ಟಿದ್ದು ಒಂದು ಸಾಲೂ ಇಲ್ಲ.