ಕಡಲು ದಾರಿ ಬಿಟ್ಟಾಗ ಹಾಜಿ ಅಲಿಗೆ

ಮುಂಬೈಗೆ ಹೋದವರು ಗೇಟ್‌ವೇ ಆಫ್ ಇಂಡಿಯಾ, ಜುಹು ಬೀಚ್, ಸಿದ್ಧಿವಿನಾಯಕ ಎಂದು ಪಟ್ಟಿ ಮಾಡಿಕೊಂಡು ಓಡಾಡುತ್ತಾರೆ. ಆ ಪಟ್ಟಿಗೆ ಇನ್ನೊಂದು ಜಾಗ ಸೇರಿಸಿಕೊಳ್ಳಿ ಎಂದು ನಾನು ಯಾವಾಗಲೂ ಹೇಳುತ್ತೇನೆ. ಅದು ಹಾಜಿ ಅಲಿ ದರ್ಗಾ. ಪ್ರಸಿದ್ಧ ಮಹಾಲಕ್ಷ್ಮಿ ದೇವಸ್ಥಾನದಿಂದ ಅಲ್ಲಿಗೆ ನಡೆದೇ ಹೋಗಬಹುದು. ಎಷ್ಟೋ ಜನ ಬೆಳಿಗ್ಗೆ ಅಮ್ಮನವರಿಗೆ ಹಣ್ಣುಕಾಯಿ ಮಾಡಿಸಿ, ಅದೇ ಕೈಯಲ್ಲಿ ಗುಲಾಬಿ ಹೂವಿನ ಬುಟ್ಟಿ ಹಿಡಿದು ದರ್ಗಾದ ದಾರಿ ಹಿಡಿಯುತ್ತಾರೆ.

ದರ್ಗಾ ಎಂದರೆ ಸೂಫಿ ಸಂತರ ಸಮಾಧಿ ಇರುವ ಸ್ಥಳ. ಈ ದರ್ಗಾದ ವಿಶೇಷವೆಂದರೆ ಅದು ಊರಿನಲ್ಲಿಲ್ಲ, ಸಮುದ್ರದಲ್ಲಿದೆ! ವರ್ಲಿಯ ದಡದಿಂದ ಸುಮಾರು 500 ಮೀಟರ್ ದೂರದಲ್ಲಿ ಒಂದು ಪುಟ್ಟ ಬಂಡೆಗುಡ್ಡೆ. ಅದರ ಮೇಲೆ ಬೆಳ್ಳಗಿನ ಗುಮ್ಮಟ, ಪಕ್ಕದಲ್ಲಿ 85 ಅಡಿ ಎತ್ತರದ ಮಿನಾರು. ಮೊದಲು ಕಟ್ಟಿದ್ದು 1431ರಲ್ಲಿ ಎನ್ನುತ್ತಾರೆ. ಉಪ್ಪುಗಾಳಿಗೆ ಕಲ್ಲು ಸವೆದು ಹೋಗಿದ್ದರಿಂದ 2008ರಿಂದೀಚೆಗೆ ರಾಜಸ್ಥಾನದ ಮಕ್ರಾನಾದ ಅಮೃತಶಿಲೆ ತರಿಸಿ ರಿಪೇರಿ ಮಾಡಿದ್ದಾರೆ. ತಾಜಮಹಲಿಗೆ ಬಳಸಿದ್ದೂ ಮಕ್ರಾನಾದ ಕಲ್ಲೇ.

ದಡದಿಂದ ದರ್ಗಾಕ್ಕೆ ಕಿರಿದಾದ ಕಲ್ಲುದಾರಿ ಇದೆ. ಅಕ್ಕಪಕ್ಕ ಕಂಬಿಯಿಲ್ಲ. ಎಡಕ್ಕೂ ಬಲಕ್ಕೂ ನೀರೇ ನೀರು. ಉಬ್ಬರ ಬಂದಾಗ ಈ ದಾರಿ ಮುಳುಗಿಬಿಡುತ್ತದೆ. ಆಗ ದರ್ಗಾ ನಿಜವಾದ ದ್ವೀಪ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಇಳಿತ ಶುರುವಾಗಿ ನೀರು ಸರಿದ ಮೇಲೆ ದಾರಿ ಮತ್ತೆ ತೆರೆಯುತ್ತದೆ.

ಮಕ್ಕಳೇ, ಉಬ್ಬರ ಬರುವುದು ಚಂದ್ರನ ಸೆಳೆತದಿಂದ ಎಂದು ನೀವು ಶಾಲೆಯಲ್ಲಿ ಓದಿರುತ್ತೀರಿ. ಇಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ ಹನ್ನೆರಡೂವರೆ ಗಂಟೆ. ಆದ್ದರಿಂದ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ. ಮಳೆಗಾಲದಲ್ಲಿ ಮುಂಬೈ ಕಡಲು ನಾಲ್ಕೂವರೆ ಮೀಟರಿಗೂ ಮೇಲೆ ಏರುವ ದಿನಗಳಿವೆ.

ಎಣ್ಣೆ ಚೆಲ್ಲಿದ ಹೆಂಗಸು

ಈ ಗುಡ್ಡೆಯ ಮೇಲೆ ಮಲಗಿರುವವರು ಪೀರ್ ಹಾಜಿ ಅಲಿ ಶಾ ಬುಖಾರಿ. ಮಧ್ಯ ಏಷ್ಯಾದ ಬುಖಾರಾ ಎಂಬ ಊರಿನ ಶ್ರೀಮಂತ ವ್ಯಾಪಾರಿಯಾಗಿದ್ದವರು ಎಲ್ಲವನ್ನೂ ದಾನ ಮಾಡಿ ಸಂತರಾದರಂತೆ. ಅವರ ಬಗ್ಗೆ ಜನ ಹೇಳುವ ಕಥೆ ಹೀಗಿದೆ.

ಒಂದು ದಿನ ಅವರು ದಾರಿಯಲ್ಲಿ ಹೋಗುತ್ತಿದ್ದಾಗ ಬಡ ಹೆಂಗಸೊಬ್ಬಳು ಖಾಲಿ ಪಾತ್ರೆ ಹಿಡಿದು ಗೋಳೋ ಎಂದು ಅಳುತ್ತಿದ್ದಳು. “ಏನಾಯಿತು ತಾಯಿ?” ಎಂದು ಕೇಳಿದರು. ಮನೆಗೆ ಒಯ್ಯುತ್ತಿದ್ದ ಎಣ್ಣೆ ಚೆಲ್ಲಿಹೋಗಿದೆ, ಗಂಡ ಹೊಡೆಯುತ್ತಾನೆ ಎಂದಳು. ಎಲ್ಲಿ ಚೆಲ್ಲಿತು ತೋರಿಸು ಎಂದು ಹೋಗಿ, ಆ ಜಾಗದಲ್ಲಿ ಬೆರಳಿನಿಂದ ನೆಲವನ್ನು ಒತ್ತಿದರು. ಎಣ್ಣೆ ಚಿಲುಮೆಯಂತೆ ಚಿಮ್ಮಿತು. ಹೆಂಗಸು ಪಾತ್ರೆ ತುಂಬಿಕೊಂಡು ನಗುತ್ತಾ ಮನೆಗೆ ಹೋದಳು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬೆರಳಿನಿಂದ ಚುಚ್ಚಿ ಭೂಮಿತಾಯಿಗೆ ನೋವು ಮಾಡಿದೆನಲ್ಲ ಎಂದು ಸಂತರಿಗೆ ರಾತ್ರಿಯೆಲ್ಲ ಕೆಟ್ಟ ಕನಸು. ಕೊರಗಿನಿಂದ ಕಾಯಿಲೆ ಬಿದ್ದರು. ಮುಂದೆ ತಾಯಿಯ ಅಪ್ಪಣೆ ಪಡೆದು ತಮ್ಮನ ಜೊತೆ ನಮ್ಮ ದೇಶಕ್ಕೆ ಬಂದು ಮುಂಬೈ ಕಡಲ ದಡದಲ್ಲಿ ನೆಲೆಸಿದರು. ನಾನು ಸತ್ತರೆ ನೆಲ ಅಗೆದು ಹೂಳಬೇಡಿ, ನನ್ನನ್ನು ಕಡಲಿಗೆ ಬಿಡಿ, ಎಲ್ಲಿ ಹೋಗಿ ನಿಲ್ಲುತ್ತೇನೋ ಅಲ್ಲೇ ಸಮಾಧಿ ಮಾಡಿ ಎಂದು ಶಿಷ್ಯರಿಗೆ ಹೇಳಿದ್ದರಂತೆ. ಕಡಲು ಅವರನ್ನು ತಂದು ನಿಲ್ಲಿಸಿದ್ದು ಈ ಬಂಡೆಯ ಮೇಲೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮುಂಬೈಗೆ ಹೋದದ್ದು 1974ರಲ್ಲಿ. ಆಗ ನಮಗೆಲ್ಲ ಅದು ಬೊಂಬಾಯಿ. ಈ ಕಥೆಯನ್ನು ನನಗೆ ಹೇಳಿದ್ದು ಪಕ್ಕದ ಕೌಂಟರಿನ ಮರಾಠಿ ಸಹೋದ್ಯೋಗಿ. ನಮ್ಮ ಹಾವೇರಿ ಕಡೆಯವರಿಗೆ ದರ್ಗಾ ಹೊಸದಲ್ಲ. ಶಿಶುನಾಳ ಶರೀಫರು ನಮ್ಮವರು, ಅವರ ಗುರು ಗೋವಿಂದಭಟ್ಟರು. ಊರಿನ ಮೊಹರಂ ಹಬ್ಬದಲ್ಲಿ ಎಲ್ಲ ಜಾತಿಯವರೂ ಕೂಡುತ್ತಿದ್ದೆವು. ಹಾಗಾಗಿ ಮದುವೆಯಾದ ಹೊಸತರಲ್ಲಿ ನಮ್ಮ ಮನೆಯವರನ್ನು ಕರೆದುಕೊಂಡು ಹಾಜಿ ಅಲಿಗೆ ಹೋಗಿದ್ದೆ. ಗಂಡಸರ ಹಾಗೆಯೇ ಹೆಂಗಸರೂ ಗೋರಿಯ ತನಕ ಹೋಗುತ್ತಿದ್ದ ಕಾಲ. ನಮ್ಮವರು ಚಾದರದ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದು ನನಗೆ ನೆನಪಿದೆ.

ಸುತ್ತೋಲೆ ಯಾವಾಗಿನದು?

ನನಗೆ ಬೇರೆ ಊರಿಗೆ ವರ್ಗವಾಗಿ ಎಷ್ಟೋ ವರ್ಷಗಳಾದ ಮೇಲೆ ಪತ್ರಿಕೆಯಲ್ಲಿ ಸುದ್ದಿ ಓದಿದೆ. 2012ರ ಹೊತ್ತಿಗೆ ಹಾಜಿ ಅಲಿಯ ಗೋರಿಯಿರುವ ಒಳಮನೆಗೆ ಹೆಂಗಸರ ಪ್ರವೇಶ ನಿಲ್ಲಿಸಿದ್ದರು. ಹೆಂಗಸರು ದರ್ಗಾದ ಅಂಗಳಕ್ಕೆ ಬರಬಹುದು, ಗೋರಿಯ ಬಳಿ ಮಾತ್ರ ಹೋಗುವಂತಿಲ್ಲ. ಸಂತರ ಗೋರಿಯ ಹತ್ತಿರ ಹೆಂಗಸರು ಬರುವುದು ಧರ್ಮಕ್ಕೆ ಒಪ್ಪುವುದಿಲ್ಲ ಎಂಬುದು ನಡೆಸುವವರ ವಾದ. ನೂಕುನುಗ್ಗಲಿನಲ್ಲಿ ಹೆಂಗಸರ ಸುರಕ್ಷತೆಗಾಗಿ ಎಂದೂ ಹೇಳಿದರು.

ಬ್ಯಾಂಕಿನಲ್ಲಿ ಯಾರಾದರೂ “ಹಾಗೆ ಮಾಡುವಂತಿಲ್ಲ, ರೂಲ್ಸ್ ಇದೆ” ಎಂದರೆ ನಾವು ಗುಮಾಸ್ತರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. “ಸುತ್ತೋಲೆ ಯಾವಾಗಿನದು?” ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಇಬ್ಬರು ಮುಸ್ಲಿಂ ಮಹಿಳೆಯರು ನ್ಯಾಯಾಲಯದಲ್ಲಿ ಕೇಳಿದರು. ಒಬ್ಬರು ನೂರ್‌ಜಹಾನ್ ಸಫಿಯಾ ನಿಯಾಜ್, ಇನ್ನೊಬ್ಬರು ಜಕಿಯಾ ಸೋಮನ್. 2007ರಲ್ಲಿ ಭಾರತೀಯ ಮುಸ್ಲಿಂ ಮಹಿಳಾ ಆಂದೋಲನ ಎಂಬ ಸಂಘಟನೆ ಕಟ್ಟಿದವರು ಇವರೇ. ಚಿಕ್ಕಂದಿನಿಂದ ನಾವು ಒಳಗೆ ಹೋಗಿ ಪ್ರಾರ್ಥನೆ ಮಾಡಿದ್ದೇವೆ, ಈಗ ಯಾಕೆ ಇಲ್ಲ ಎಂಬುದು ಅವರ ಮಾತು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಅವರು ಧರ್ಮ ಬೇಡ ಎಂದವರಲ್ಲ, ಹೊರಗಿನಿಂದ ಬಂದು ಬೈದವರೂ ಅಲ್ಲ. ನಮ್ಮ ಧರ್ಮದಲ್ಲಿ ಗಂಡು ಹೆಣ್ಣು ದೇವರ ಮುಂದೆ ಸಮಾನರು ಎಂದು ನಂಬಿದವರು. ನಂಬಿಕೆ ಇದ್ದುದರಿಂದಲೇ ಬಾಗಿಲು ತೆಗೆಯಿರಿ ಎಂದು ಕೇಳಿದರು. ಮೊದಲು ಟ್ರಸ್ಟಿಗೆ, ಸರ್ಕಾರಕ್ಕೆ ಮನವಿ ಕೊಟ್ಟರು. ಆಗದಿದ್ದಾಗ 2014ರಲ್ಲಿ ಬಾಂಬೆ ಹೈಕೋರ್ಟಿಗೆ ಹೋದರು.

2016ರ ಆಗಸ್ಟ್ 26ರಂದು ನ್ಯಾಯಮೂರ್ತಿಗಳಾದ ವಿ. ಎಂ. ಕಾನಡೆ ಮತ್ತು ರೇವತಿ ಮೋಹಿತೆ ಡೇರೆ ತೀರ್ಪು ಕೊಟ್ಟರು. ಮೊದಲು ಹೆಂಗಸರು ಒಳಗೆ ಹೋಗುತ್ತಿದ್ದರು ಎಂದ ಮೇಲೆ, ಹೋಗಬಾರದೆನ್ನುವುದು ಧರ್ಮದ ಮೂಲ ಆಚರಣೆ ಹೇಗಾಗುತ್ತದೆ? ಈ ನಿಷೇಧ ಸಂವಿಧಾನದ 14, 15 ಮತ್ತು 25ನೇ ವಿಧಿಗಳಿಗೆ ವಿರುದ್ಧ ಎಂದರು. ಸಮಾನತೆ, ಭೇದ ಮಾಡದಿರುವುದು, ಧರ್ಮಸ್ವಾತಂತ್ರ್ಯ — ಈ ಮೂರು ವಿಧಿಗಳ ಸಾರ ಇಷ್ಟೇ. ಅದೇ ವರ್ಷ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಶನಿ ಶಿಂಗಣಾಪುರದಲ್ಲೂ ಹೈಕೋರ್ಟಿನ ಮಾತಿನ ನಂತರ ಹೆಂಗಸರು ಶನಿದೇವರ ಕಟ್ಟೆ ಹತ್ತಿದ್ದರು. ಬಾಗಿಲು ಹಾಕುವ ಚಟ ಒಂದೇ ಧರ್ಮದ್ದಲ್ಲ, ನೋಡಿ.

ದರ್ಗಾ ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. ಆದರೆ ಅಲ್ಲಿ ಜಗಳ ಮುಂದುವರಿಸಲಿಲ್ಲ. ಅಕ್ಟೋಬರ್ 24ರಂದು, ಗಂಡಸರು ಎಲ್ಲಿಯ ತನಕ ಹೋಗುತ್ತಾರೋ ಹೆಂಗಸರನ್ನೂ ಅಲ್ಲಿಯ ತನಕ ಬಿಡುತ್ತೇವೆ, ವ್ಯವಸ್ಥೆ ಮಾಡಿಕೊಳ್ಳಲು ಸ್ವಲ್ಪ ಸಮಯ ಕೊಡಿ ಎಂದು ಹೇಳಿತು. ನವೆಂಬರ್ 29ರಂದು ಬೇರೆ ಬೇರೆ ರಾಜ್ಯಗಳಿಂದ ಬಂದ ಸುಮಾರು 80 ಮಹಿಳೆಯರು ಹೂವು, ಚಾದರ ಹಿಡಿದು ಒಳಗೆ ಹೋದರು. ಕಲ್ಲು ತೂರಾಟವಿಲ್ಲ, ಕೂಗಾಟವಿಲ್ಲ. ಸೋತವರೂ ಗೆದ್ದವರೂ ಒಂದೇ ಸಂತರಿಗೆ ಕೈಮುಗಿಯುವವರು ತಾನೇ?

ಅಜ್ಜಿ, ಮೊಮ್ಮಗಳು ಮತ್ತು ನಾನು

ಈಚೆಗೆ ಗೋರೆಗಾಂವ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂಬತ್ತನೇ ತರಗತಿಯ ಮೊಮ್ಮಗಳು ಮೊಬೈಲಿನಲ್ಲಿ ಇಳಿತದ ಹೊತ್ತು ನೋಡಿ ಹೇಳಿದಳು. ಮೂವರೂ ಹೊರಟೆವು. ದಾರಿಯುದ್ದಕ್ಕೂ ಹೂವು, ಚಾದರ, ಸಿಹಿ ಮಾರುವ ಅಂಗಡಿಗಳು, ಕೈಚಾಚುವ ಬಡವರು. ಗಾಳಿಗೆ ನಮ್ಮವರ ಸೆರಗು ನಿಲ್ಲುತ್ತಿರಲಿಲ್ಲ. ಮೊಮ್ಮಗಳು ಅಜ್ಜಿಯ ಕೈ ಬಿಡಲಿಲ್ಲ.

ನಡೆಯುತ್ತಾ ಅವಳಿಗೆ ಎಣ್ಣೆಯ ಕಥೆ ಹೇಳಿದೆ, ಕೋರ್ಟಿನ ಕಥೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದವಳು ಕೇಳಿದಳು. “ಅಜ್ಜಾ, ಆ ಎಣ್ಣೆ ಚೆಲ್ಲಿದ ಹೆಂಗಸೇ ಬಂದಿದ್ದರೂ ಒಳಗೆ ಬಿಡುತ್ತಿರಲಿಲ್ಲವಾ?”

ಏನು ಹೇಳುವುದು? “ಬಿಡುತ್ತಿರಲಿಲ್ಲ” ಎಂದೆ.

ಅಂಗಳದ ಅಮೃತಶಿಲೆಯ ಕಂಬಗಳಲ್ಲಿ ನೀಲಿ, ಹಸಿರು, ಹಳದಿ ಗಾಜಿನ ಚೂರು ಕೂಡಿಸಿ ಅಲ್ಲಾಹನ 99 ಹೆಸರುಗಳನ್ನು ಬರೆದಿದ್ದಾರೆ. ಒಳಗೆ ಬೆಳ್ಳಿಯ ಚೌಕಟ್ಟಿನ ನಡುವೆ ಕೆಂಪು ಹಸಿರು ಜರಿ ಚಾದರ ಹೊದಿಸಿದ ಗೋರಿ. ಗಂಡಸರಿಗೊಂದು, ಹೆಂಗಸರಿಗೊಂದು ಸಾಲು. ಹೊಸ ಏರ್ಪಾಡಿನಲ್ಲಿ ಗೋರಿಯನ್ನು ಯಾರೂ ಮುಟ್ಟುವಂತಿಲ್ಲ. ಗಂಡಸರಾಗಲಿ ಹೆಂಗಸರಾಗಲಿ ಒಂದಿಷ್ಟು ದೂರ ನಿಂತೇ ಕೈಮುಗಿಯಬೇಕು. ನಮ್ಮವರು ಹೊರಬಂದು, “ಆಗ ಚಾದರ ಮುಟ್ಟಿದ್ದೆ, ಈಗ ಆಗಲಿಲ್ಲ” ಎಂದರು. ನನಗೂ ಆಗಲಿಲ್ಲ ಎಂದೆ. “ಹಾಗಾದರೆ ಸರಿ ಬಿಡಿ” ಎಂದು ನಕ್ಕರು.

ಹೆಂಗಸರ ಸಾಲಿನಲ್ಲಿ ಬುರ್ಖಾದವರು, ಹಣೆಗೆ ಕುಂಕುಮ ಇಟ್ಟ ಮರಾಠಿಯವರು, ಗುಜರಾತಿನವರು ಎಲ್ಲ ಇದ್ದರಂತೆ. ನಮ್ಮವರ ಹಿಂದಿದ್ದ ವಯಸ್ಸಾದ ಹೆಂಗಸೊಬ್ಬರು, “ಒಳಗೆ ಬಿಡದ ವರ್ಷಗಳಲ್ಲೂ ಬರುತ್ತಿದ್ದೆ. ಬಾಬಾ ಏನು ಮಾಡಿಯಾರು, ಬಾಗಿಲು ಹಾಕಿದ್ದು ಅವರಲ್ಲವಲ್ಲ” ಎಂದರಂತೆ. ಆ ಮಾತನ್ನು ನಮ್ಮವರು ಲೋಕಲ್ ಟ್ರೇನಿನಲ್ಲಿ ಎರಡು ಸಲ ಹೇಳಿದರು.

ದಾರಿ ಮಾಡಿದವರು

ಇಂಥ ಪ್ರಶ್ನೆ ಕೇಳಿದವರಲ್ಲಿ ಹಾಜಿ ಅಲಿಯ ಮಹಿಳೆಯರೇ ಮೊದಲಿಗರಲ್ಲ. ರತ್ನಾಗಿರಿಯ ಚಿಪಳೂಣ್ ಕಡೆಯ ಹಮೀದ್ ದಳವಾಯಿ ಎಂಬ ಮರಾಠಿ ಲೇಖಕರು 1966ರ ಏಪ್ರಿಲ್ 18ರಂದು ಇದೇ ಮುಂಬೈನಲ್ಲಿ ಮುಸ್ಲಿಂ ಮಹಿಳೆಯರ ಮೆರವಣಿಗೆ ಮಾಡಿಸಿದ್ದರು. ಬಂದವರು ಏಳೇ ಮಂದಿ! ಗಂಡ ಬಾಯಿಮಾತಿನಲ್ಲಿ ಮೂರು ಸಲ ತಲಾಖ್ ಎಂದು ಹೆಂಡತಿಯನ್ನು ಬಿಟ್ಟುಬಿಡುವ ಪದ್ಧತಿ ನಿಲ್ಲಬೇಕು ಎಂಬುದು ಅವರ ಬೇಡಿಕೆ. 1970ರಲ್ಲಿ ಪುಣೆಯಲ್ಲಿ ಮುಸ್ಲಿಂ ಸತ್ಯಶೋಧಕ ಮಂಡಲವನ್ನೂ ಕಟ್ಟಿದರು. 1977ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 45 ತುಂಬಿರಲಿಲ್ಲ. ಆ ಬಾಯಿಮಾತಿನ ತಲಾಖ್ ಅಸಿಂಧು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 22ರಂದು. ಏಳು ಮಂದಿ ನಡೆದು 51 ವರ್ಷಗಳಾದ ಮೇಲೆ.

ನಮ್ಮ ಕನ್ನಡದಲ್ಲೂ ಇಂಥವರಿದ್ದಾರೆ. ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ತಲಾಖಿನಿಂದ ನೊಂದ ಹುಡುಗಿಯ ಕಥೆ ಬರೆದರು. ‘ಹಾರ್ಟ್ ಲ್ಯಾಂಪ್’ ಕಥಾಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ ಅವರನ್ನು ನೀವು ಟಿವಿಯಲ್ಲಿ ನೋಡಿರಬಹುದು. ಹೆಂಗಸರೂ ಮಸೀದಿಗೆ ಹೋಗಿ ನಮಾಜು ಮಾಡಬಹುದು ಎಂದು ಹೇಳಿದ್ದಕ್ಕೆ 2000ನೇ ಇಸವಿಯಲ್ಲಿ ಅವರ ಕುಟುಂಬ ಸಾಮಾಜಿಕ ಬಹಿಷ್ಕಾರ ಅನುಭವಿಸಬೇಕಾಯಿತು. ಆದರೂ ಅವರು ಬರೆಯುವುದನ್ನು ಬಿಡಲಿಲ್ಲ.

ಹೋಗುವವರಿಗೆ

ಪಶ್ಚಿಮ ರೈಲ್ವೆಯ ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಇಳಿದರೆ ಟ್ಯಾಕ್ಸಿ, ಬಸ್ಸು ಸಿಗುತ್ತವೆ. ಗುರುವಾರ, ಶುಕ್ರವಾರ ಜನಜಂಗುಳಿ, ವಯಸ್ಸಾದವರು ಬೇರೆ ದಿನ ಹೋಗುವುದು ಒಳ್ಳೆಯದು. ತಲೆಯ ಮೇಲೆ ವಸ್ತ್ರವಿರಲಿ. ದಾರಿಗೆ ಕಂಬಿಯಿಲ್ಲದ್ದರಿಂದ ಚಿಕ್ಕ ಮಕ್ಕಳ ಕೈ ಹಿಡಿದೇ ನಡೆಯಿರಿ, ಸೆಲ್ಫಿಗೆಂದು ಬಂಡೆಗಿಳಿಯಬೇಡಿ. ಮರಳಿ ದಡಕ್ಕೆ ಬಂದಾಗ ಹಾಜಿ ಅಲಿ ಜ್ಯೂಸ್ ಸೆಂಟರಿನಲ್ಲಿ ಸೀತಾಫಲದ ಕ್ರೀಮ್ ತಿನ್ನಲು ಮರೆಯಬೇಡಿ. ಮೊಮ್ಮಗಳು ಎರಡು ತಿಂದಳು.

ಎಲ್ಲಕ್ಕಿಂತ ಮುಖ್ಯ, ಮನೆಯಿಂದ ಹೊರಡುವ ಮೊದಲು ಉಬ್ಬರದ ಹೊತ್ತು ನೋಡಿಕೊಳ್ಳಿ. ದಾರಿ ಮುಳುಗಿದ್ದರೆ ದಡದಲ್ಲಿ ಕುಳಿತು ಕಾಯಿರಿ. ಒಂದೆರಡು ಗಂಟೆ ಹೆಚ್ಚಾದೀತು, ನೀರು ಇಳಿದೇ ಇಳಿಯುತ್ತದೆ.