ಕಟ್ಟದ ಮನೆಯ ಫೋಟೋ: ಯಾವ ಸಾಫ್ಟ್‌ವೇರ್ ಕಲಿಯೋಣ?

ನಮ್ಮ ವಸ್ತಾರೆ ಕಡೆ ಮನೆ ಕಟ್ಟುವವರಿಗೆ ಈಗ ಬರೀ ಪ್ಲಾನ್ ತೋರಿಸಿದರೆ ಸಾಲದು. "ತ್ರೀಡಿ ತೋರಿಸಿ" ಅನ್ನುತ್ತಾರೆ. ತ್ರೀಡಿ ಅಂದರೆ ಇನ್ನೂ ಕಟ್ಟದ ಮನೆಯ ಫೋಟೋದಂಥ ಚಿತ್ರ. ಗೋಡೆಯ ಬಣ್ಣ, ಹೆಂಚು, ಜಗಲಿಯ ನೆರಳು ಎಲ್ಲ ಅದರಲ್ಲಿ ಕಾಣಬೇಕು. ಇದನ್ನು ಕಂಪ್ಯೂಟರಿನಲ್ಲಿ ಮಾಡುವ ಕೆಲಸಕ್ಕೆ ರೆಂಡರಿಂಗ್ ಅನ್ನುತ್ತಾರೆ. ಹೋಂಸ್ಟೇ ಕಟ್ಟುವವರಂತೂ ಈ ಚಿತ್ರ ನೋಡಿಯೇ ಸಾಲಕ್ಕೆ ಕೈ ಹಾಕುವುದುಂಟು.

ಈ ಕೆಲಸ ಕಲಿಯೋಣ ಅಂತ ನಾವಿಬ್ಬರು ಹೊರಟೆವು. ನಾವಿಬ್ಬರು ಅಂದರೆ, ಒಂದು ಸುದ್ದಿಗೆ ಇಷ್ಟು ಅಂತ ದುಡ್ಡು ಎಣಿಸುವ ವರದಿಗಾರ ಮಾವ ಮತ್ತು ಸಿವಿಲ್ ಡಿಪ್ಲೊಮಾ ಮುಗಿಸಿದ ಅಕ್ಕನ ಮಗ. ಮಳೆಗಾಲದಲ್ಲಿ ಮಾವನಿಗೆ ಸುದ್ದಿ ಜಾಸ್ತಿ, ದುಡ್ಡು ಅಷ್ಟೇ. ಅಳಿಯನಿಗೆ ಬೆಂಗಳೂರಿಗೆ ಹೋಗದೆ ಇಲ್ಲೇ ದುಡಿಯುವ ಆಸೆ.

"ಗ್ರಾಫಿಕ್ಸ್ ಕಾರ್ಡ್ ಇರೋ ಲ್ಯಾಪ್‌ಟಾಪ್ ಬೇಕಂತೆ ಮಾವ" ಅಂದ. ಅಕ್ಕ ಒಳಗಿಂದಲೇ "ಈ ಸಲದ ಮೆಣಸು ಮಾರಿ ಕೊಡ್ತೀನಿ, ತಗೊಳ್ಳಿ" ಅಂದರು. ಆ ಮೆಣಸಿನ ದುಡ್ಡು ಅಂದರೆ ಮನೆಯ ವರ್ಷದ ಧೈರ್ಯ. ಅದನ್ನು ಮುಟ್ಟುವ ಮೊದಲು, ಇರುವ ಹಳೇ ಲ್ಯಾಪ್‌ಟಾಪಿನಲ್ಲಿ ಎಷ್ಟು ದೂರ ಹೋಗಬಹುದು ನೋಡೋಣ ಅಂತ ಕೂತೆವು.

ಮೊದಲು ಕೇಳಿಬಂದ ಹೆಸರು ಸ್ಕೆಚ್‌ಅಪ್. 2000ದಲ್ಲಿ ಬಂದದ್ದು, 2006ರಲ್ಲಿ ಗೂಗಲ್ ಕೊಂಡಿತು, 2012ರಿಂದ ಟ್ರಿಂಬಲ್ ಕಂಪನಿಯ ಕೈಯಲ್ಲಿದೆ. ಗೆರೆ ಎಳೆದು ಮೇಲಕ್ಕೆ ಎತ್ತಿದರೆ ಗೋಡೆ ಆಗುತ್ತದೆ, ಅಷ್ಟು ಸುಲಭ. ಆದರೆ ಈಗಿನ ಉಚಿತ ಆವೃತ್ತಿ ಬ್ರೌಸರಿನಲ್ಲಿ, ಅಂದರೆ ಇಂಟರ್ನೆಟ್ ಮೇಲೆ ನಡೆಯುವಂಥದ್ದು. ಗಾಳಿಮಳೆಗೆ ಕರೆಂಟ್ ಹೋಗಿ, ಅದರ ಹಿಂದೆಯೇ ಟವರ್ ಹೋದರೆ ಕೆಲಸವೂ ನಿಂತಿತು. ಮೇಲಾಗಿ ಆ ಉಚಿತ ಆವೃತ್ತಿ ಸ್ವಂತಕ್ಕೆ ಮಾತ್ರ, ದುಡ್ಡು ತೆಗೆದುಕೊಂಡು ಮಾಡುವ ಕೆಲಸಕ್ಕಲ್ಲ.

ಲುಮಿಯಾನ್, ವಿ-ರೇ ಇಂಥವು ಕಣ್ಣು ಕೋರೈಸುವ ಚಿತ್ರ ಕೊಡುತ್ತವೆ. ಆದರೆ ಅವಕ್ಕೆ ಬಾಡಿಗೆಯಂತೆ ಕಟ್ಟುತ್ತಲೇ ಇರಬೇಕು. ಟ್ವಿನ್‌ಮೋಷನ್ ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಕಮ್ಮಿ ಆದಾಯ ಇರುವವರಿಗೆ 2024ರಿಂದ ಉಚಿತ. ಆ ಲೆಕ್ಕದಲ್ಲಿ ನಮ್ಮಿಡೀ ಹೋಬಳಿಗೇ ಉಚಿತ ಅಂತ ನಕ್ಕೆವು. ಆದರೆ ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಮತ್ತೆ ಮೆಣಸಿನ ಹತ್ತಿರವೇ ಬಂದು ನಿಂತೆವು.

ಪೇಟೆಯಲ್ಲಿ ಒಬ್ಬರು "ಎಲ್ಲದರ ಕ್ರ್ಯಾಕ್ ಇದೆ, ಪೆನ್‌ಡ್ರೈವ್ ತನ್ನಿ" ಅಂದರು. ಬೇಡ ಅಂದೆವು. ಅದು ಕದ್ದ ಮಾಲು. ಜೊತೆಗೆ ವೈರಸ್ ಬಂದರೆ ಗಿರಾಕಿಯ ಪ್ಲಾನು, ನಮ್ಮ ಸುದ್ದಿ, ಮನೆಯ ಫೋಟೋ ಎಲ್ಲ ಹೋಗುತ್ತದೆ.

ಕೊನೆಗೆ ಎರಡು ಉಳಿದವು. ಒಂದು ಸ್ವೀಟ್ ಹೋಮ್ ತ್ರೀಡಿ. ಇದು ಉಚಿತ, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಪ್ಲಾನ್ ಬರೆದ ಹಾಗೆ ಕೆಳಗೆ ಮನೆ ಎದ್ದು ನಿಲ್ಲುತ್ತದೆ. ಕಂಪ್ಯೂಟರಿಗೇ ಹೊಸಬರಾದರೆ ಮೊದಲ ವಾರ ಇದರಲ್ಲಿ ಕೈ ಪಳಗಿಸಬಹುದು. ಇಲ್ಲಿ ಮಾಡಿದ ಮನೆಯನ್ನು ಓಬಿಜೆ ಎಂಬ ಫೈಲಾಗಿ ಉಳಿಸಿ ಮುಂದಿನದಕ್ಕೆ ಒಯ್ಯಬಹುದು.

ಆ ಮುಂದಿನದು ಬ್ಲೆಂಡರ್. ಇದರ ಕಥೆ ನಮಗೆ ಹಿಡಿಸಿತು. ಇದನ್ನು ಮಾಡಿದ ಟೋನ್ ರೂಸೆಂಡಾಲ್ ಅವರ ಕಂಪನಿ ಮುಚ್ಚಿದಾಗ, 2002ರಲ್ಲಿ ಜನ ಏಳೇ ವಾರದಲ್ಲಿ 1 ಲಕ್ಷ ಯೂರೋ ಕೂಡಿಸಿ ಅದನ್ನು ಬಿಡಿಸಿಕೊಂಡರು. ಅಂದಿನಿಂದ ಅದು ಎಲ್ಲರದ್ದು. ಅದರಲ್ಲಿ ಕೆಲಸ ಮಾಡಿ ಸಂಪಾದಿಸಲೂ ಅಡ್ಡಿಯಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಡ. ಹೊಸ ಆವೃತ್ತಿಗೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು. ಲ್ಯಾಪ್‌ಟಾಪ್ ತೀರ ಹಳೆಯದಾದರೆ ಹಳೇ ಆವೃತ್ತಿಗಳೂ ಅದೇ ಜಾಲತಾಣದಲ್ಲಿ ಸಿಗುತ್ತವೆ.

ಸುಲಭ ಅಂತ ಮಾತ್ರ ಹೇಳುವುದಿಲ್ಲ. ಮೊದಲ ದಿನ ತೆರೆದಾಗ ಬಸ್ಸಿನ ಬದಲು ವಿಮಾನದ ಸೀಟಿನಲ್ಲಿ ಕೂತಂತಾಗುತ್ತದೆ. ನಾವು ಅಂಕೆ ಹಾಕಿಕೊಂಡೆವು: ಮೊದಲ ತಿಂಗಳು ಗೋಡೆ, ಮಾಡು, ಬೆಳಕು, ಕ್ಯಾಮೆರಾ. ಇಷ್ಟು ಬಿಟ್ಟು ಬೇರೆ ಗುಂಡಿ ಮುಟ್ಟುವಂತಿಲ್ಲ. ಕಾರ್ಡ್ ಇಲ್ಲದ ಕಡೆ ಸೈಕಲ್ಸ್ ಎಂಬ ವಿಧಾನದಲ್ಲಿ ಒಂದು ಚಿತ್ರಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಅಳತೆಯನ್ನು ಕಾಲು ಭಾಗಕ್ಕೆ ಇಳಿಸಿ ಪರೀಕ್ಷೆ ಮಾಡುತ್ತೇವೆ. ಸರಿ ಅನ್ನಿಸಿದ ಮೇಲೆ ಪೂರ್ತಿ ಅಳತೆ ಕೊಟ್ಟು ಮಲಗುತ್ತೇವೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಚಿತ್ರ ತಯಾರು, ರಾತ್ರಿ ಕರೆಂಟ್ ಕೈಕೊಡದಿದ್ದರೆ.

ಸಾಫ್ಟ್‌ವೇರ್ ಹುಡುಕುತ್ತಾ ನಮಗೆ ತಿಳಿದ ದೊಡ್ಡ ವಿಷಯ ಬೇರೆಯೇ. ಯೂಟ್ಯೂಬಿನ ಪಾಠಗಳಲ್ಲಿ ಆಕಾಶ ಸದಾ ನೀಲಿ, ಮನೆ ಸದಾ ಚಪ್ಪಟೆ, ಹಿಂದೆ ಪೈನ್ ಮರ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಆಕಾಶವೇ ಕಾಣದು. ಆ ಚಿತ್ರ ನೋಡಿ ಚಪ್ಪಟೆ ಆರ್‌ಸಿಸಿ ಮನೆ ಕಟ್ಟಿ, ಎರಡೇ ಮಳೆಗಾಲಕ್ಕೆ ಸೋರಿ, ಮೇಲೆ ತಗಡಿನ ಶೀಟ್ ಹೊದಿಸಿದ ಮನೆಗಳು ನಮ್ಮ ದಾರಿಯಲ್ಲೇ ಇವೆ. ಸಾಲದ ಕಂತು ಕಟ್ಟುವವರು ಮನೆಯವರು. ಚಿತ್ರ ಮಾಡಿದವರು ಆಗಲೇ ಮುಂದಿನ ಗಿರಾಕಿ ಹತ್ತಿರ ಇರುತ್ತಾರೆ.

ಬೆಳಕಿನದೂ ಹಾಗೇ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಚೆನ್ನಾಗಿ ವಾಲುತ್ತಾನೆ. ಕಾಫಿ ಒಣಗಿಸುವ ಕಣದ ಮೇಲೆ ಹೊಸ ಕಟ್ಟಡದ ನೆರಳು ಬೀಳುತ್ತದೋ ಇಲ್ಲವೋ ಅನ್ನುವುದು ಈ ಲೆಕ್ಕದಿಂದ ಗೊತ್ತಾಗುತ್ತದೆ. ಬ್ಲೆಂಡರಿನಲ್ಲಿ ಸನ್ ಪೊಸಿಷನ್ ಎಂಬ ಆಡ್-ಆನ್ ಇದೆ. ಊರಿನ ಅಕ್ಷಾಂಶ, ರೇಖಾಂಶ, ತಾರೀಕು, ಗಂಟೆ ಕೊಟ್ಟರೆ ಸೂರ್ಯನನ್ನು ಸರಿಯಾದ ಜಾಗದಲ್ಲಿ ಇಡುತ್ತದೆ.

ಮಂಗಳೂರು ಹೆಂಚು, ಪಾಚಿ ಹಿಡಿದ ಪಾಗಾರ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್, ಇವನ್ನೆಲ್ಲ ಫೋನಿನಲ್ಲಿ ಫೋಟೋ ತೆಗೆದು ಚಿತ್ರಕ್ಕೆ ಹೊದಿಸುತ್ತೇವೆ. ಇದಕ್ಕೆ ಖರ್ಚಿಲ್ಲ. ಮೋಡ ಕವಿದ ದಿನ ತೆಗೆದರೆ ಫೋಟೋದಲ್ಲಿ ನೆರಳು ಇರದು, ಕೆಲಸ ಸುಲಭ.

ಒಂದು ಮಾತು ನೆನಪಿರಲಿ. ನಮ್ಮೂರ ಹೆಸರನ್ನು ಹೊತ್ತ ಕಥೆಗಾರ ನಾಗರಾಜ ವಸ್ತಾರೆ ವೃತ್ತಿಯಲ್ಲಿ ಆರ್ಕಿಟೆಕ್ಟ್. ಅದು ಓದಿ ಗಳಿಸುವ ವಿದ್ಯೆ. ರೆಂಡರ್ ಕಲಿತವರೆಲ್ಲ ಆರ್ಕಿಟೆಕ್ಟ್ ಅಲ್ಲ. ಪಾಯ, ಕಂಬಿ, ಪಿಲ್ಲರಿನ ಲೆಕ್ಕವನ್ನು ತಿಳಿದವರೇ ನೋಡಬೇಕು.

ಹಾಗಾಗಿ ಹೊಸದಾಗಿ ಕಲಿಯುವವರಿಗೆ ನಾವು ಹೇಳುವುದು ಇಷ್ಟೆ. ಯಾವುದು ಚಂದ ಅಂತ ಕೇಳುವ ಮೊದಲು ಮೂರು ಕೇಳಿಕೊಳ್ಳಿ: ಇರುವ ಲ್ಯಾಪ್‌ಟಾಪಿನಲ್ಲಿ ಓಡುತ್ತದಾ, ನೆಟ್ ಇಲ್ಲದಾಗಲೂ ನಡೆಯುತ್ತದಾ, ದುಡ್ಡಿಗೆ ಕೆಲಸ ಮಾಡಲು ಅನುಮತಿ ಇದೆಯಾ. ಮೂರಕ್ಕೂ ಹೌದು ಅಂದದ್ದನ್ನು ಹಿಡಿದು ಆರು ತಿಂಗಳು ಬಿಡಬೇಡಿ. ಸಾಲ ಮಾಡಿ ದೊಡ್ಡ ಲ್ಯಾಪ್‌ಟಾಪ್ ತರುವುದು ಗಿರಾಕಿ ಬಂದ ಮೇಲಿನ ಮಾತು.

ನಾವೀಗ ಪ್ರತಿ ಮನೆಗೂ ಎರಡು ಚಿತ್ರ ಮಾಡುತ್ತೇವೆ. ಒಂದು ಜನವರಿ ಬಿಸಿಲಿನದ್ದು, ಒಂದು ಜುಲೈ ಮಳೆಯದ್ದು. ಮೊದಲ ಸಲ ತೋರಿಸಿದಾಗ ಆ ಮನೆಯ ಅಮ್ಮ ಬಿಸಿಲಿನದನ್ನು ಬದಿಗಿಟ್ಟು ಮಳೆಯದನ್ನೇ ನೋಡಿದರು. ಆಮೇಲೆ ಕೇಳಿದರು: "ಇಲ್ಲಿ ಇರಚಲು ಹೊಡೆಯುತ್ತಲ್ಲ, ಮಾಡು ಇನ್ನೆರಡು ಅಡಿ ಮುಂದೆ ಬರಲಿ. ಆಗುತ್ತಾ?"

ಆಗುತ್ತದೆ. ಮನೆ ಇನ್ನೂ ಕಟ್ಟಿಲ್ಲವಲ್ಲ.